ಹಕ್ಕಿ ಏಳದ ನಡಿಗೆ

ನೀರಗಂಟಿ ಬೈಲಪ್ಪ ಇಷ್ಟು ಹೊತ್ತಿಗೆ ನಲ್ಲೂರಿನ ಹುಣಿಸೇತೋಪು ದಾಟಿರಬೇಕು ಎಂದುಕೊಂಡ ಆದಿನಾರಾಯಣಪ್ಪ. ಬೇವಿನಕಡ್ಡಿ ಬಾಯಲ್ಲಿತ್ತು, ಕಚ್ಚಿ ಕಚ್ಚಿ ನಾರಾಗಿತ್ತು, ಹಲ್ಲು ಮಾತ್ರ ಇನ್ನೂ ಉಜ್ಜಿರಲಿಲ್ಲ. ಆರು ಮೈಲಿ ಹೋಗಬೇಕು, ಆರು ಮೈಲಿ ಬರಬೇಕು. ನಡುವೆ ದೇವನಹಳ್ಳಿಯಲ್ಲಿ ಬೀಗರಾಗುವವರು ಕಾಗದ ಓದಿ, ಮನೆಯವರನ್ನೆಲ್ಲ ಕೇಳಿ, ಉತ್ತರ ಬರೆದು ಕೊಡುವ ತನಕ ಅವರ ಮನೆಯ ಹೊರಗೆ ಕೂತಿರಬೇಕು. ಹೇಗೆ ನೋಡಿದರೂ ಮಧ್ಯಾಹ್ನಕ್ಕೆ ಮೊದಲು ಅವನು ಊರು ಸೇರುವುದಿಲ್ಲ. ಅಷ್ಟು ಸಾಕು. ಆ ಕಾಗದವನ್ನು ಬರೆದವನು ಆದಿನಾರಾಯಣಪ್ಪನೇ. ನಿನ್ನೆ ಸಂಜೆ ಮಾವ ಮುನಿವೆಂಕಟಪ್ಪ, ಊರಿನ ಪಟೇಲರು, ಎರಡನೆಯ ಮಗಳ ಸಂಬಂಧದ ವಿಷಯ ಹೇಳುತ್ತ ಹೋದಂತೆ ಜಗಲಿಯಲ್ಲಿ ಕೂತು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಮಡಿಸುವಾಗ, ಈಗ ತಾನೇ ಹೊಳೆಯಿತೆನ್ನುವ ಹಾಗೆ, "ಇದನ್ನ ಬೈಲನ ಕೈಲೇ ಕಳಿಸಿ ಮಾವ. ಬೇರೆಯವ್ರಿಗೆ ಕೊಟ್ರೆ ದಾರೀಲಿ ಯಾರ ಹತ್ರನಾದ್ರೂ ಓದಿಸ್ಬಿಡ್ತಾರೆ" ಎಂದಿದ್ದ. ಪಟೇಲರು ಮೆಚ್ಚಿ ತಲೆಯಾಡಿಸಿದ್ದರು. ಅಳಿಯ ಊರಿನ ಸ್ಕೂಲಿಗೆ ಮೇಷ್ಟ್ರು, ಓದಿದವನು, ನಾಲ್ಕೂ ಕಡೆ ಯೋಚನೆ ಮಾಡುತ್ತಾನೆ. ಹೌದು, ನಾಲ್ಕೂ ಕಡೆ ಯೋಚನೆ ಮಾಡಿಯೇ ಹೇಳಿದ ಮಾತು ಅದು. ಇವತ್ತು ಭಾನುವಾರ, ಹಕ್ಕಿ ನೋಡಲು ದೊರೆ ಬರುವ ದಿನ, ಬೈಲಪ್ಪ ಕೆರೆಯ ಹತ್ತಿರ ಇರಬಾರದಾಗಿತ್ತು.

ಹಿತ್ತಲಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಸೌದೆಯ ಕೋಲೊಂದನ್ನು ಎಡಹೆಗಲಿಗೆ ಇಟ್ಟು, ಏಳು ಹೆಜ್ಜೆ ನಡೆದ. ನಿಂತ. ಕೋಲನ್ನು ನೆಲಕ್ಕೆ ಊರಿ ಸೊಂಟ ಬಗ್ಗಿಸಿ, ಕೆಸರು ಎಷ್ಟಿದೆ ಎಂದು ನೋಡುವವನ ಹಾಗೆ ಸ್ವಲ್ಪ ಹೊತ್ತು ಹಾಗೇ ಇದ್ದ. ಮತ್ತೆ ಏಳು ಹೆಜ್ಜೆ. ಪಾದವನ್ನು ಎತ್ತಬಾರದು, ಜಾರಿಸಬೇಕು. ಮೂರು ಚಳಿಗಾಲ ಕೆರೆಯ ಏರಿಯ ಮೇಲೆ ಕೂತು ಅವನು ಕಲಿತ ಪಾಠ ಅದು.

"ಕಾಲಿಗೇನಾಯ್ತುರೀ?"

ಲಕ್ಷ್ಮೀದೇವಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿಯ ಬುಟ್ಟಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಏನಿಲ್ಲ. ಜೋಮು ಹಿಡ್ದಿತ್ತು."

"ಜೋಮು ಹಿಡ್ದೋರು ಹಿಂಗಾ ನಡೆಯೋದು? ಥೇಟು ನಮ್ಮ ನೀರಗಂಟಿ ಬೈಲ ನಡ್ದಂಗಿತ್ತಲ್ಲ!" ಎಂದು ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಪಟೇಲರ ಮಗಳಿಗೆ ಗಂಡನನ್ನು ನೋಡಿ ನಗುವ ಸಲಿಗೆ ಮೊದಲಿನಿಂದಲೂ ಇತ್ತು. ಆದಿನಾರಾಯಣಪ್ಪನಿಗೆ ಮುಖ ಬಿಸಿಯಾಯಿತು, ಆದರೆ ಆ ಅವಮಾನದ ಒಳಗೇ ಒಂದು ಸಂತೋಷವೂ ಇತ್ತು. ಹಾಗಾದರೆ ಅವನ ನಡಿಗೆ ಬಂದಿದೆ. ಇವಳಿಗೇ ಹಾಗೆ ಕಂಡರೆ ಹಕ್ಕಿಗಳಿಗೂ ಕಾಣಬಹುದು.

ಮೂರು ವರ್ಷದ ಹಿಂದೆ ಕ್ಯಾಪ್ಟನ್ ವಿಲ್ಮಟ್ ಮೊದಲ ಸಲ ಈ ಊರಿಗೆ ಬಂದಾಗ ನೇರವಾಗಿ ಸ್ಕೂಲಿಗೇ ಬಂದಿದ್ದ. ಅದನ್ನು ಆದಿನಾರಾಯಣಪ್ಪ ಯಾರಿಗೂ ಮರೆಯಲು ಬಿಟ್ಟಿರಲಿಲ್ಲ. ಯುದ್ಧ ಶುರುವಾದ ಮೇಲೆ ಬೆಂಗಳೂರಿನ ದಂಡಿಗೆ ಬಂದ ಡಾಕ್ಟರು, ಉದ್ದ ಕತ್ತಿನ, ಕೆಂಪು ಕಿವಿಯ ಮನುಷ್ಯ, ಬಂದೂಕಿಲ್ಲದೆ ಬರೀ ದುರ್ಬೀನು ತಂದಿದ್ದ. ಹಿಂದೆ ಬರುತ್ತಿದ್ದ ದೊರೆಗಳೆಲ್ಲ ಬಾತು ಹೊಡೆಯಲು ಬರುತ್ತಿದ್ದರು. ಇವನು ಹೊಡೆಯುವುದಿಲ್ಲವಂತೆ, ನೋಡುತ್ತಾನಂತೆ ಅಷ್ಟೇ ಎಂದು ಊರಿನವರು ಎರಡು ದಿನ ನಕ್ಕಿದ್ದರು. ಇಂಗ್ಲಿಷ್ ಬಲ್ಲವರು ಯಾರು ಎಂದು ಅವನು ಕೇಳಿದಾಗ ಊರಿನಲ್ಲಿದ್ದ ಒಂದೇ ಉತ್ತರ ಆದಿನಾರಾಯಣಪ್ಪ. ಕೋಟು ಹಾಕಿಕೊಂಡು, ಹುಡುಗರಿಗೆ ಮಗ್ಗಿ ಬರೆಯಲು ಹೇಳಿ, ದೊರೆಯನ್ನು ಅವನೇ ಕೆರೆಗೆ ಕರೆದುಕೊಂಡು ಹೋದ. ಏರಿ ಇಳಿದು ಜೊಂಡಿನ ಹತ್ತಿರ ಬರುತ್ತಲೇ ತೇನೆಹಕ್ಕಿಯೊಂದು ಕಿರುಚಿಕೊಂಡಿತು, ಮರುಗಳಿಗೆಯಲ್ಲಿ ಇಡೀ ಕೆರೆ ಮೇಲೆದ್ದಿತು. ಬಾತು, ಕೊಕ್ಕರೆ, ನೀರುಕಾಗೆ, ಹಣೆಯಲ್ಲಿ ಬಿಳಿ ಗುರುತಿನ ನಾಮದಕೋಳಿಗಳು, ಎಲ್ಲವೂ. ರೆಕ್ಕೆಯ ಸದ್ದು ನಿಂತ ಮೇಲೆ ಖಾಲಿ ನೀರಿನ ಮುಂದೆ ಇಬ್ಬರೂ ನಿಂತಿದ್ದರು. "ನೆವರ್ ಮೈಂಡ್, ಮಾಸ್ಟರ್" ಎಂದ ದೊರೆ, ತುಂಬ ಮರ್ಯಾದೆಯಾಗಿ. ಆ ಮರ್ಯಾದೆಯನ್ನು ನೆನೆದರೆ ಆದಿನಾರಾಯಣಪ್ಪನಿಗೆ ಈಗಲೂ ಮೈ ಮುದುಡುತ್ತದೆ. ಇನ್ಸ್‌ಪೆಕ್ಟರು ತಪಾಸಣೆಗೆ ಬಂದು, ಅವನ ತರಗತಿಯಲ್ಲಿ ಒಬ್ಬ ಹುಡುಗನೂ ಬಾಯಿ ಬಿಡದಿದ್ದಾಗ, ಇದೇ ದನಿಯಲ್ಲಿ ಇರಲಿ ಬಿಡಿ ಎಂದಿದ್ದರು. ಅಷ್ಟರಲ್ಲಿ ಆಚೆ ದಡದಿಂದ, ಒಂದೂ ಹಕ್ಕಿ ಏಳದಿದ್ದ ಒಂದು ಮೂಲೆಯಿಂದ, ಕಂಬಳಿ ಹೊದ್ದು ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಬೈಲಪ್ಪ ಬರುತ್ತಿದ್ದ. ಅವನ ಎರಡೂ ಬದಿಗೆ ಬಾತುಗಳು ಮನೆಯಂಗಳದ ಕೋಳಿಗಳ ಹಾಗೆ ಮೇಯುತ್ತಿದ್ದವು. ದೊರೆಯ ಬಾಯಿ ತೆರೆದುಕೊಂಡಿತು. ಆದಿನಾರಾಯಣಪ್ಪ ಬೈಲಪ್ಪನನ್ನು ನೋಡಲಿಲ್ಲ, ದೊರೆಯ ಆ ತೆರೆದ ಬಾಯನ್ನು ನೋಡಿದ. ತನ್ನ ಮೂವತ್ತೊಂದು ವರ್ಷದ ಬಾಳಿನಲ್ಲಿ ತನ್ನನ್ನು ನೋಡಿ ಯಾರೂ ಹಾಗೆ ಬಾಯಿ ತೆರೆದಿರಲಿಲ್ಲ, ಮದುವೆಯಾದ ಹೊಸದರಲ್ಲಿ ಲಕ್ಷ್ಮೀದೇವಮ್ಮ ಕೂಡ.

ಅಲ್ಲಿಂದ ಶುರುವಾಯಿತು. ತೂಬು ತೆಗೆಯುವುದು, ಗದ್ದೆಗೆ ನೀರು ಬಿಡುವುದು, ಏರಿ ಒಡೆಯದಂತೆ ನೋಡಿಕೊಳ್ಳುವುದು ಬೈಲಪ್ಪನ ಮನೆತನದ ಕೆಲಸ. ಅವನ ಅಪ್ಪನೂ ಅಜ್ಜನೂ ಅದೇ ಕಂಬಳಿ, ಅದೇ ಸಲಿಕೆಯಲ್ಲಿ ದಿನಕ್ಕೆರಡು ಸಲ ಕೆರೆ ಸುತ್ತಿದವರು, ಹಕ್ಕಿಗಳಿಗೆ ಆ ಆಕಾರ ಕೆರೆಯದೇ ಒಂದು ಭಾಗ. ಬೈಲಪ್ಪ ತನ್ನ ಕಂಬಳಿಯ ಅರ್ಧವನ್ನು ದೊರೆಗೆ ಹೊದಿಸಿ, ಹೆಗಲಿಗೆ ಹೆಗಲು ಒತ್ತಿಕೊಂಡು, ಇಬ್ಬರೂ ಒಂದೇ ಆಕಾರವಾಗಿ ನೀರಿಗಿಳಿಯುವುದನ್ನು ರೂಢಿ ಮಾಡಿದ. ಊರಾಚೆಯ ಕೇರಿಯವನು. ಪಟೇಲರ ಮನೆಯ ಜಗಲಿ ಹತ್ತದವನು. ಅವನ ಕಂಬಳಿಯೊಳಗೆ ದೊರೆ ತಲೆ ತೂರಿಸುತ್ತಿದ್ದ, ಅವನ ಅಂಗೈಯಿಂದಲೇ ಬಿಸ್ಕತ್ತು ಮುರಿದು ತಿನ್ನುತ್ತಿದ್ದ, ಹೋಗುವಾಗ ಕೈ ಕುಲುಕುತ್ತಿದ್ದ. ಆದಿನಾರಾಯಣಪ್ಪನಿಗೆ ಮಾತ್ರ ಎರಡೂ ಕೈ ಜೋಡಿಸಿ ನಮಸ್ಕಾರ. ಹಾಗೆ ಮಾಡಬೇಕೆಂದು ದೊರೆಗೆ ಯಾರೋ ಹೇಳಿಕೊಟ್ಟಿದ್ದರು. ಬಿಸ್ಕತ್ತು ಕೊಡಲು ಬಂದಾಗ ಇವನೇ ಬೇಡವೆಂದಿದ್ದ, ದೊರೆ ಮುಟ್ಟಿದ್ದನ್ನು ತಿಂದರೆ ಊರೇನೆನ್ನುತ್ತದೆ ಎಂಬ ಹೆದರಿಕೆಯಿಂದ. ಬೇಡವೆಂದ ಮೇಲೆ ದೊರೆ ಮತ್ತೆ ಕೇಳಲಿಲ್ಲವಲ್ಲ ಎಂದು ವಾರವಿಡೀ ಕುದಿದಿದ್ದ. ಅವನ ಪಾಲಿಗೆ ಬಂದದ್ದು ದೊರೆಯ ಬೂಟು. ನೀರಿಗಿಳಿಯುವ ಮುಂಚೆ ದೊರೆ ಬೂಟು ಬಿಚ್ಚಿ, ಕಾಲುಚೀಲವನ್ನು ಅದರೊಳಗೆ ತುರುಕಿ, ಟೋಪಿಯ ಜೊತೆಗೆ ಇವನ ಪಕ್ಕದಲ್ಲಿ ಇಡುತ್ತಿದ್ದ. ನಾಯಿ ಎಳೆದುಕೊಂಡು ಹೋದೀತು ಎಂದು ಮೂರು ಚಳಿಗಾಲ ಆದಿನಾರಾಯಣಪ್ಪ ಏರಿಯ ಮೇಲೆ ಕೂತು ಬೂಟು ಕಾದಿದ್ದ. ಅವರು ಹಿಂದಿರುಗಿ ಬಂದಾಗ ಬೈಲಪ್ಪ ಹೇಳುವ ಹೆಸರನ್ನು ದೊರೆಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಬೈಲಪ್ಪ ಒಂದು ದಿನವೂ ಜಂಬ ತೋರಿಸಲಿಲ್ಲ. "ಮೇಷ್ಟ್ರಿಗೇ ಗೊತ್ತಲ್ಲ ಬುದ್ಧಿ ಅದೆಲ್ಲ" ಎನ್ನುತ್ತಿದ್ದ. ಅವನು ಸ್ವಲ್ಪ ಸೊಕ್ಕಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಸೊಕ್ಕಿದವನನ್ನು ದ್ವೇಷಿಸಬಹುದಿತ್ತು, ಇದು ಬರೀ ಹೊಟ್ಟೆಕಿಚ್ಚು, ಅನ್ನದ ಜೊತೆ ಇಳಿಯುತ್ತಿತ್ತು, ನಿದ್ದೆಯ ಜೊತೆ ಏಳುತ್ತಿತ್ತು.

ಈಗ ದೊರೆಗೆ ವರ್ಗವಾಗಿತ್ತು. ಅಸ್ಸಾಮಿನ ಕಡೆ ಎಲ್ಲೋ, ಯುದ್ಧದ ಹತ್ತಿರ. ಹೋಗುವ ಮುಂಚೆ ತನ್ನ ಸ್ನೇಹಿತರಿಗಾಗಿ, ಈ ಕೆರೆಗೆ ಬಂದು ಹಕ್ಕಿ ನೋಡುವುದು ಹೇಗೆಂದು ಒಂದು ಹಾಳೆ ಬರೆಸುತ್ತಿದ್ದ, ಟೈಪು ಮಾಡಿಸಿ ಅವರ ಕ್ಲಬ್ಬಿನ ಗೋಡೆಗೆ ಹಚ್ಚುತ್ತಾನಂತೆ. ಹಿಂದಿನ ಎರಡು ಭಾನುವಾರ ಆದಿನಾರಾಯಣಪ್ಪ ಅದನ್ನು ಬರೆದಿದ್ದ. ದೀಪಾವಳಿ ಕಳೆದ ಮೇಲೆ ಬನ್ನಿ, ಶಿವರಾತ್ರಿಯ ಹೊತ್ತಿಗೆ ನೀರು ಇಳಿದು ಹಕ್ಕಿ ಹೊರಟುಬಿಡುತ್ತವೆ. ದೇವನಹಳ್ಳಿಯ ತನಕ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿದೆ, ಏರು ಬಂದರೆ ಇಳಿದು ತಳ್ಳಬೇಕಾದೀತು, ಅಲ್ಲಿಂದ ಗಾಡಿ. ಬಿಳಿ ಬಟ್ಟೆ ಬೇಡ, ನಾಯಿ ಬೇಡ, ಬಂದೂಕಂತೂ ಬೇಡವೇ ಬೇಡ. ತೂಬಿನಿಂದ ಬಲಕ್ಕೆ ನೆಲ ಗಟ್ಟಿ, ಎಡಕ್ಕೆ ಹೋದರೆ ಸೊಂಟದ ತನಕ ಹೂಳು. ಒಂದೊಂದು ಮಾತೂ ಬೈಲಪ್ಪನದು. ಅಕ್ಷರ ಮಾತ್ರ ತನ್ನದು. ಕೊನೆಯ ಸಾಲಿನಲ್ಲಿ, ಬಂದವರು ಊರಿನಲ್ಲಿ ಯಾರನ್ನು ಕೇಳಬೇಕು ಎಂಬ ಕಡೆ, ಅವನು ಹೆಸರು ಬರೆಯದೆ ಜಾಗ ಬಿಟ್ಟಿದ್ದ. "ಇಲ್ಲಿ?" ಎಂದು ದೊರೆ ಬೆರಳಿಟ್ಟು ಕೇಳಿದ್ದ. ಹಕ್ಕಿ ಏಳಿಸದೆ ಕರೆದುಕೊಂಡು ಹೋಗುವವನ ಹೆಸರು ಅಲ್ಲಿ ಬರಬೇಕು ಎಂದು ತಾನೇ ಹೇಳಿ, "ಬೈಲಪ್ಪ, ನ್ಯಾಚುರಲಿ" ಎಂದಿದ್ದ. ಬರುವ ವಾರ ಬರೆಯುತ್ತೇನೆ ಸರ್, ಮಸಿ ಮುಗಿದಿದೆ ಎಂದು ಆದಿನಾರಾಯಣಪ್ಪ ಸುಳ್ಳು ಹೇಳಿದ್ದ. ಆ ಹೆಸರನ್ನು ಬರೆಯಲು ಕೈ ಬಂದಿರಲಿಲ್ಲ. ಆ ಒಂದು ಸಾಲಿನಲ್ಲಿ ತಾನಿರಬೇಕು. ಯಾವ ಊರಿನ ಯಾವ ಗೋಡೆಯ ಮೇಲಾದರೂ ಸರಿ, ತನ್ನ ಹೆಸರಿರಬೇಕು, ಅವನದಿರಬಾರದು.

ಫಟಫಟಿಯ ಸದ್ದು ಕೇಳಿದಾಗ ಅವನು ತೂಬಿನ ಹತ್ತಿರ ನಿಂತಿದ್ದ. ದೊರೆ ಗಾಡಿ ನಿಲ್ಲಿಸಿ, ಬೂಟು ಬಿಚ್ಚುತ್ತ ಆಚೆ ಈಚೆ ನೋಡಿದ. "ಬೈಲಪ್ಪ?"

"ಊರಿಗೆ ಹೋಗಿದ್ದಾನೆ ಸರ್." ಇಂಗ್ಲಿಷಿನ ಮಾತನ್ನು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ. "ಅವನಿಗೆ ಬೇರೆ ಕೆಲಸ ಬಂತು. ನಾನೇ ಕರೆದುಕೊಂಡು ಹೋಗುತ್ತೇನೆ."

ದೊರೆ ಅವನ ಕಚ್ಚೆಪಂಚೆಯನ್ನೂ ಬರಿಗಾಲನ್ನೂ ನೋಡಿದ. ಮುಖದಲ್ಲಿ ಅನುಮಾನ ಬಂದು ಹೋಯಿತು. ಇದು ತನ್ನ ಕೊನೆಯ ಭಾನುವಾರ ಎಂದ. ಇದನ್ನೂ ಕೆಡಿಸಬೇಡಿ ಎಂಬ ಅದರ ಅರ್ಥ ಆದಿನಾರಾಯಣಪ್ಪನಿಗೆ ಆಯಿತು. "ಒಂದು ಹಕ್ಕಿ ಎದ್ದರೂ ವಾಪಸು ಬಂದುಬಿಡೋಣ ಸರ್. ಆ ಸಾಲಿನಲ್ಲಿ ಬೈಲಪ್ಪನ ಹೆಸರು ಬರೆಯುತ್ತೇನೆ. ಏಳದಿದ್ದರೆ..." ಇಂಗ್ಲಿಷ್ ಅಲ್ಲಿಗೆ ಸಾಲದೆ ಬಂತು. ದೊರೆ ನಕ್ಕು, ಆಗಲಿ ಎಂದು ತಲೆಯಾಡಿಸಿದ.

ಬೈಲಪ್ಪ ದೂರದೂರಿಗೆ ಹೋಗುವಾಗ ಕಂಬಳಿ, ಸಲಿಕೆ ಎರಡನ್ನೂ ತೂಬಿನ ಕಲ್ಲುಕಂಬಕ್ಕೆ ಒರಗಿಸಿ ಹೋಗುತ್ತಿದ್ದ. ಆದಿನಾರಾಯಣಪ್ಪ ಏರಿಯ ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ. ಆದರೂ ಕೈ ಚಾಚಿ ಹಿಂದೆಗೆದ. ಅವನು ಹುಟ್ಟಿದಾಗಿನಿಂದ ಬೈಲಪ್ಪನ ಮನೆಯವರು ಮುಟ್ಟಿದ ಒಂದು ಕಡ್ಡಿಯನ್ನೂ ಮುಟ್ಟಿದವನಲ್ಲ. ಸಂಬಳದ ದಿನ ಪಟ್ಟಣದಲ್ಲಿ ಹೋಟೆಲಿಗೆ ಹೋದರೂ ಲೋಟ ತೊಳೆದವರು ಯಾರೋ ಎಂದು ಯೋಚಿಸಿ ಮೇಲಿಂದ ಎತ್ತಿ ಕುಡಿಯುವವನು. ಕೊನೆಗೆ ಕಣ್ಣು ಮುಚ್ಚಿ ಎತ್ತಿಕೊಂಡ. ಕುರಿಯುಣ್ಣೆ, ಬೀಡಿ, ಬೆವರು, ಪಾಚಿ, ಎಲ್ಲವೂ ಸೇರಿದ ಒಂದು ವಾಸನೆ ಮೂಗಿಗೆ ಅಡರಿತು. ಬೆಚ್ಚಗಿತ್ತು. ಇಷ್ಟು ಬೆಚ್ಚಗಿರುತ್ತದೆ ಎಂದು ಅವನು ಎಣಿಸಿರಲಿಲ್ಲ. ಬಾವಿಯ ಹತ್ತಿರ ಸ್ನಾನ ಮಾಡಿಬಿಟ್ಟರಾಯಿತು, ಯಾರಿಗೆ ತಿಳಿಯುತ್ತದೆ ಎಂದುಕೊಂಡು ತಲೆಯ ಮೇಲಿಂದ ಹೊದ್ದು, ಒಂದು ಅಂಚನ್ನು ಎತ್ತಿ ಹಿಡಿದ. ದೊರೆ ರೂಢಿಯಿಂದ ಬಗ್ಗಿ ಒಳಗೆ ಬಂದ. ಅವನ ಹೆಗಲು ತನ್ನ ಹೆಗಲಿಗೆ ಒತ್ತಿತು. ಮೂರು ವರ್ಷ ದೂರದಿಂದ ನೋಡಿ ನೋಡಿ ಬೆಂದದ್ದು ಇದನ್ನೇ. ದೊರೆಯ ಮೈಯಲ್ಲಿ ಹೊಗೆಸೊಪ್ಪಿನ, ಸೋಪಿನ ವಾಸನೆಯಿತ್ತು.

ನೀರು ಮೊದಲು ಕಣಕಾಲಿಗೆ, ಆಮೇಲೆ ಮೊಣಕಾಲಿಗೆ ಬಂತು. ಏಳು ಹೆಜ್ಜೆ. ನಿಲ್ಲು. ಸಲಿಕೆ ಊರಿ ಬಗ್ಗು. ಹತ್ತು ಮಾರಿನಲ್ಲಿ ನಾಮದಕೋಳಿಗಳ ಹಿಂಡೊಂದು ತೇಲುತ್ತಿತ್ತು. ಅವು ಕತ್ತು ಆಡಿಸುತ್ತ ಸ್ವಲ್ಪ ಸರಿದು ದಾರಿ ಕೊಟ್ಟವು, ಏಳಲಿಲ್ಲ. ಅವನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಆ ಸದ್ದಿಗೇ ಎದ್ದುಬಿಡುತ್ತವೇನೋ ಎಂದು ಹೆದರಿದ. ತೇನೆಹಕ್ಕಿ ದಿಣ್ಣೆಯ ಮೇಲೆ ನಿಂತು ಇವರನ್ನೇ ನೋಡುತ್ತಿತ್ತು. ಬೈಲಪ್ಪ ಅದಕ್ಕೆ ಎದುರಾಗಿ ಎಂದೂ ಹೋಗುತ್ತಿರಲಿಲ್ಲ, ಓರೆಯಾಗಿ, ಅದು ಇಲ್ಲವೇ ಇಲ್ಲವೆಂಬಂತೆ ಹಾಯುತ್ತಿದ್ದ. ಆದಿನಾರಾಯಣಪ್ಪ ಓರೆಯಾದ. ತೇನೆಹಕ್ಕಿ ಎರಡು ಹೆಜ್ಜೆ ಓಡಿ, ತಲೆ ಬಗ್ಗಿಸಿ ಹುಳ ಹೆಕ್ಕಿತು. ಅಳು ಬರುವಷ್ಟು ಸಂತೋಷವಾಯಿತು ಅವನಿಗೆ. ಜೊಂಡು ದಾಟುತ್ತಲೇ ತೆರೆದ ನೀರಿನಂಚಿನಲ್ಲಿ ಅವು ಕಂಡವು: ಬೂದು ಮೈಯ, ಬಿಳಿ ತಲೆಗೆ ಹಿಂದುಗಡೆ ಎರಡು ಕರಿ ಪಟ್ಟೆ ಎಳೆದ ಹೆಬ್ಬಾತುಗಳು. ನೂರೋ ನೂರೈವತ್ತೋ. ಹಿಮದ ಬೆಟ್ಟ ಹಾರಿ ಬರುತ್ತವೆ ಎಂದು ದೊರೆ ಹೇಳಿದ್ದ. ಬೈಲಪ್ಪ ಅವನ್ನು ನೆಂಟರು ಎನ್ನುತ್ತಿದ್ದ. "ನೆಂಟ್ರು ಬಂದವ್ರೆ ಮೇಷ್ಟ್ರೇ" ಎಂದು ಪ್ರತಿ ಕಾರ್ತಿಕದಲ್ಲೂ ಸ್ಕೂಲಿನ ಹೊರಗೆ ನಿಂತು ಕೂಗಿ ಹೇಳುತ್ತಿದ್ದ, ಸ್ವಂತ ಅಕ್ಕತಂಗಿಯರು ಬಂದ ಹಾಗೆ. ಆದಿನಾರಾಯಣಪ್ಪ ಅವುಗಳ ಕೊಕ್ಕಿನ ಹಳದಿಯನ್ನು ಕಂಡ, ಕೊಕ್ಕಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡ. ಮೂವತ್ತು ಮಾರು. ಇಪ್ಪತ್ತೈದು. ಬೈಲಪ್ಪ ಯಾವಾಗಲೂ ಮೂವತ್ತರಲ್ಲೇ ನಿಲ್ಲುತ್ತಿದ್ದ. ಇವನು ನಿಲ್ಲಲಿಲ್ಲ. ಇಪ್ಪತ್ತಾಯಿತು. ಕಿವಿಯ ಹತ್ತಿರ ದೊರೆ ಉಸಿರು ಬಿಗಿಹಿಡಿದು ಪಿಸುಗುಟ್ಟಿದ: "ಶಾಬಾಶ್, ಬೈಲಪ್ಪ." ಆಮೇಲೆ ನೆನಪಾಗಿ, "ಸಾರಿ. ಮಾಸ್ಟರ್" ಎಂದ. ಕಂಬಳಿಯ ಕತ್ತಲಲ್ಲಿ ಆದಿನಾರಾಯಣಪ್ಪ ಹಲ್ಲು ಕಚ್ಚಿದ. ಇಷ್ಟು ದೂರ ಬಂದ ಮೇಲೂ ಅವನೇ.

"ಲೇ ಬೈಲಾ!"

ಏರಿಯ ಮೇಲಿಂದ ಬಂದ ದನಿ ನೀರಿನ ಮೇಲೆ ಜಾರಿ ಬಂದು ಬೆನ್ನಿಗೆ ಬಡಿಯಿತು. ಮಾವನ ದನಿ. ತೋಟ ನೋಡಲು ಹೊರಟವರು ಈ ಕಡೆ ಬಂದಿರಬೇಕು. ಹೆಬ್ಬಾತುಗಳ ಕತ್ತುಗಳೆಲ್ಲ ಒಟ್ಟಿಗೆ ನೆಟ್ಟಗಾದವು. "ದ್ಯಾವನಳ್ಳಿಗೆ ಹೋಗ್ಲಾ ಅಂದ್ರೆ ದೊರೆ ಜತೆ ಕೆರೇಲಿ ಮೆರೀತಾ ಇದೀಯೇನ್ಲಾ? ನನ್ನ ಮಾತು ಮಾತಲ್ವಾ ನಿನ್ಗೆ? ಎಲ್ಲಾ ಈ ದೊರೆ ಕೊಟ್ಟ ಕೊಬ್ಬು!"

ಕಂಬಳಿ ಸರಿಸಿ, ನಾನು ಮಾವ, ಎನ್ನಬಹುದಿತ್ತು. ಅಷ್ಟೇ ಸಾಕಿತ್ತು. ಎಂದರೆ ಹೆಬ್ಬಾತುಗಳು ಏಳುತ್ತವೆ. ಎಂದರೆ ಪಟೇಲರ ಅಳಿಯ ಬೈಲನ ಕಂಬಳಿ ಹೊದ್ದು ನೀರಿನಲ್ಲಿ ನಿಂತಿದ್ದನ್ನು ಪಟೇಲರು ನೋಡುತ್ತಾರೆ, ಸಂಜೆಯೊಳಗೆ ಊರು ನೋಡುತ್ತದೆ, ಲಕ್ಷ್ಮೀದೇವಮ್ಮ ನಗುವುದನ್ನೂ ನಿಲ್ಲಿಸುತ್ತಾಳೆ. ಬೆನ್ನು ತಾನಾಗಿಯೇ ಬಾಗಿತು. ಬೈಲಪ್ಪ ಬೈಸಿಕೊಳ್ಳುವಾಗ ಏನು ಮಾಡುತ್ತಿದ್ದನೆಂದು ಅವನ ಮೈಗೆ ಗೊತ್ತಿತ್ತು; ನಡಿಗೆಯ ಜೊತೆಗೆ ಅದನ್ನೂ ಕಲಿತುಬಿಟ್ಟಿತ್ತು. ಬಲಗೈಯನ್ನು ನೀರಿಗೆ ಮುಟ್ಟಿಸಿ ಹಣೆಗೆ ಒತ್ತಿಕೊಂಡು, ತಲೆ ತಗ್ಗಿಸಿ ಹಾಗೇ ನಿಂತ.

"ನಾಳೆಯಿಂದ ತೂಬಿನ ತಾವ ಕಾಲಿಕ್ಕಬೇಡ! ನಿನ್ ತಮ್ಮ ಆಂಜಿನಪ್ಪ ನೋಡ್ಕೊಳ್ಲಿ ನೀರು! ಕೇಳ್ತೇನ್ಲಾ?"

ಅವನು ಮತ್ತೊಮ್ಮೆ ಕೈಯನ್ನು ಹಣೆಗೆ ಮುಟ್ಟಿಸಿದ. ಏರಿಯ ಮೇಲೆ ಮಾವನ ಮೆಟ್ಟಿನ ಸದ್ದು ದೂರವಾಯಿತು. ಹೆಬ್ಬಾತುಗಳು ಒಂದೊಂದಾಗಿ ಕತ್ತು ಇಳಿಸಿ ಮೇಯತೊಡಗಿದವು. ಪಟೇಲರು ಬೈಲನನ್ನು ಬೈಯುವ ದನಿ ಅವಕ್ಕೂ ರೂಢಿಯಾಗಿತ್ತು. ಏನಂದರು ಅವರು ಎಂದು ದೊರೆ ಕೇಳಿದ. ಕೆರೆಯಲ್ಲಿ ನೀರು ಎಷ್ಟಿದೆ ಎಂದು ಕೇಳಿದರು ಸರ್ ಎಂದ ಆದಿನಾರಾಯಣಪ್ಪ.

ದಡಕ್ಕೆ ಬಂದ ಮೇಲೆ ದೊರೆ ತಾನೇ ಚೀಲದಿಂದ ಹಾಳೆ ತೆಗೆದು ಬೂಟಿನ ಮೇಲೆ ಹರಡಿ, ಬರೆಯಿರಿ ಎಂದ. ಇಷ್ಟು ಹತ್ತಿರ ತಾನು ಎಂದೂ ಹೋಗಿರಲಿಲ್ಲವೆಂದು ಎರಡು ಸಲ ಹೇಳಿದ. ಕಣ್ಣು ಒದ್ದೆಯಾಗಿತ್ತು. ಆದಿನಾರಾಯಣಪ್ಪ ಬಿಟ್ಟ ಜಾಗದಲ್ಲಿ ತನ್ನ ಹೆಸರನ್ನು ಬರೆದ, ಪೂರ್ತಿಯಾಗಿ, ಹುದ್ದೆಯ ಸಮೇತ. ದೊರೆ ಅದನ್ನು ಮಡಿಸಿ ಜೇಬಿನಲ್ಲಿಟ್ಟು, ಈ ಸಲ ಕೈ ಚಾಚಿ ಕೈ ಕುಲುಕಿ, ಬೈಲಪ್ಪನಿಗೆ ನನ್ನ ನಮಸ್ಕಾರ ಹೇಳಿ ಎಂದು ಫಟಫಟಿ ಹತ್ತಿದ. ಧೂಳು ಇಳಿಯುವ ತನಕ ಅವನು ನೋಡುತ್ತ ನಿಂತಿದ್ದ. ಗೆದ್ದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ. ಮತ್ತೊಮ್ಮೆ ಹೇಳಿಕೊಂಡ.

ಮಧ್ಯಾಹ್ನ ಮಾವನ ಜಗಲಿಯಲ್ಲಿ ಕೂತಿದ್ದಾಗ ಎರಡು ಸಲ ಸ್ನಾನ ಮಾಡಿಯೂ ಕಾಲುಗುರುಗಳ ಸಂದಿಯಲ್ಲಿ ಕರಿಗೆಸರು ಉಳಿದದ್ದು ಕಂಡು, ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡ. ಬರುವಾಗ ನಿಜ ಹೇಳಿಬಿಡಬೇಕೆಂದೇ ಬಂದಿದ್ದ. ಮಾವನ ಎಲೆಯಡಿಕೆ ಮುಗಿಯಲಿ ಎಂದು ಕಾದ. ಆಮೇಲೆ ಅವರು ಮಗಳ ಸಂಬಂಧದ ಮಾತೆತ್ತಿದರು, ಅದೂ ಮುಗಿಯಲಿ ಎಂದು ಕಾದ. ಅಷ್ಟರಲ್ಲಿ ಬೈಲಪ್ಪ ಅಂಗಳಕ್ಕೆ ಬಂದೇಬಿಟ್ಟ, ಮೊಣಕಾಲಿನ ತನಕ ಕೆಂಧೂಳು. ಕಾಗದವನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದು ನಿಂತ. "ಒಪ್ಕೊಂಡವ್ರಂತೆ ಬುದ್ಧಿ. ಬಾಯಲ್ಲೂ ಯೋಳಿ ಕಳಿಸವ್ರೆ."

"ಒಪ್ಕೊಳ್ಳೋದಿರ್ಲಿ. ಬೆಳಿಗ್ಗೆ ಕೆರೇಲಿ ಏನ್ಲಾ ಮಾಡ್ತಿದ್ದೆ?"

"ಕೆರೇಲಾ?" ಬೈಲಪ್ಪ ತಲೆ ಎತ್ತಿದ.

"ನನ್ನ ಕಣ್ಣಿಗೆ ಮಣ್ಣು ಬಿದ್ದೈತೇನ್ಲಾ? ದೊರೇನ ಕಂಬಳಿ ಒಳಗಾಕ್ಕೊಂಡು ನಿಂತಿದ್ದೋನು ಯಾರು ಮತ್ತೆ? ನಾಳೆಯಿಂದ ತೂಬು ಆಂಜಿನಪ್ಪಂದು ಅಂತ ಅಲ್ಲೇ ಕೂಗಿ ಹೇಳ್ಲಿಲ್ವಾ?"

ಬೈಲಪ್ಪನ ಕಣ್ಣು ಪಟೇಲರ ಮುಖದಿಂದ ಜಗಲಿಗೆ, ಜಗಲಿಯಿಂದ ಮೇಷ್ಟ್ರ ಪಂಚೆಯಂಚಿಗೆ ಬಂತು. ಅಲ್ಲಿ ಕೆರೆಯ ಕರಿಗೆಸರು ಅಂಟಿದ ಒಂದು ಹೆಬ್ಬೆರಳು ಹೊರಗಿತ್ತು. ಅದನ್ನು ಅವನು ಒಂದು ಗಳಿಗೆ ನೋಡಿದ. ಹೇಳಿಬಿಡು, ನೀನೇ ಹೇಳಿಬಿಡು ಎಂದು ಆದಿನಾರಾಯಣಪ್ಪನಿಗೆ ಕೂಗಬೇಕೆನಿಸಿತು.

"ತೆಪ್ಪಾಯ್ತು ಬುದ್ಧಿ" ಎಂದ ಬೈಲಪ್ಪ. "ದೊರೆ ಬತ್ತಾರೆ ಅಂತ ಒಸಿ ನಿಂತ್ಬಿಟ್ಟೆ. ಆಮೇಕೆ ಓಡ್ಕೊಂಡೇ ಓದೆ."

"ಭಾನುವಾರ ನೀವೂ ಅಲ್ಲೇ ಇರ್ತೀರಲ್ಲ ಅಳಿಯಂದ್ರೇ, ಇವತ್ತು ಕಣ್ಣಿಗೆ ಬೀಳ್ಲಿಲ್ಲ. ಇವನಿಗೆ ಹೋಗೋ ಅಂತ ಹೇಳಬಾರ್ದಿತ್ತಾ?"

"ತೂಬಿನ ಮರೇಲಿ ಕೂತಿದ್ದೆ. ಹೇಳ್ದೆ ಮಾವ, ಕೇಳ್ಲಿಲ್ಲ" ಎಂದಿತು ಅವನ ಬಾಯಿ. ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಪಟೇಲರು ಕಾಗದ ಬಿಡಿಸಿ ಓದಲು ಅವನ ಕೈಗೇ ಕೊಟ್ಟರು. ಅವನು ಓದಿದ. ಓದಿ ಮುಗಿಸಿ ನೋಡಿದರೆ ಅಂಗಳ ಖಾಲಿಯಿತ್ತು.

ಕೆರೆಯ ಹತ್ತಿರ ಸಿಕ್ಕಿದ ಬೈಲಪ್ಪ. ಕಂಬಳಿಯ ಒದ್ದೆ ಅಂಚನ್ನು ಹಿಂಡುತ್ತಿದ್ದ. ಆದಿನಾರಾಯಣಪ್ಪ ನಾಲ್ಕು ಮಾರು ಈಚೆಗೇ ನಿಂತ. ಏನು ಹೇಳಲು ಬಂದೆನೆಂದು ದಾರಿಯುದ್ದಕ್ಕೂ ಗೊತ್ತಿತ್ತು, ಈಗ ಗೊತ್ತಿರಲಿಲ್ಲ. ಮಾವನ ಸಿಟ್ಟು ಇಳಿದ ಮೇಲೆ ಹೇಳಿ ನೋಡ್ತೀನಿ ಎಂದ.

"ಯೋಳ್ಬ್ಯಾಡಿ ಬುದ್ಧಿ" ಎಂದ ಬೈಲಪ್ಪ, ಇವನ ಕಡೆ ನೋಡದೆ. "ನಿಮ್ಮ ಮ್ಯಾಲಿನ ಪಿರೂತಿಗೆ ನಾನು ಒಪ್ಕೊಂಡಿಲ್ಲ. ನಿಮ್ಮೆಸ್ರು ಯೋಳಿದ್ರೆ, ಮೇಷ್ಟ್ರಿಗೆ ಕಂಬಳಿ ಮುಟ್ಟಿಸ್ದೋನು ಬೈಲ ಅಂತ ನಮ್ ಕೇರಿಗೆ ಕೇರಿನೇ ಬೆಂಕಿ ಕಾಣೋದು. ತೂಬು ಓದ್ರೆ ಓಗ್ಲಿ, ನನ್ ತಮ್ಮನೇ ಅಲ್ವಾ ಮಾಡೋದು." ಮುಖದಲ್ಲಿ ದುಃಖವಿರಲಿಲ್ಲ, ದಣಿವಿತ್ತು. ಕಂಬಳಿಯನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ಎರಡು ಹೆಜ್ಜೆ ಹೋದವನು ನಿಂತ. ದೂರದ ನೀರಿನಲ್ಲಿ ಹೆಬ್ಬಾತುಗಳು ಬಿಸಿಲಿಗೆ ಮೈಯೊಡ್ಡಿ ಕೂತಿದ್ದವು. ಬೈಲಪ್ಪ ಅವನ್ನೇ ನೋಡುತ್ತ, ಕೇಳಲೋ ಬೇಡವೋ ಎನ್ನುವ ಹಾಗೆ, ಕೇಳಿದ:

"ಎದ್ವಾ?"

"ಏನು?"

"ನೆಂಟ್ರು. ನೀವು ಓದಾಗ ಎದ್ವಾ ಮೇಷ್ಟ್ರೇ?"

ಎದ್ದವು ಎಂದರೆ ಮುಗಿದುಹೋಗುತ್ತಿತ್ತು. ಒಂದು ಸುಳ್ಳು. ಬೆಳಗಿನಿಂದ ಅವನು ಹೇಳಿದ ಸುಳ್ಳುಗಳಲ್ಲೆಲ್ಲ ಇದೊಂದೇ ಪುಣ್ಯ ಬರುವಂಥದ್ದು. ಈ ಮನುಷ್ಯನಿಗೆ ಕೊಡಲು ಅವನ ಹತ್ತಿರ ಇದ್ದದ್ದೂ ಅದೊಂದೇ. ಎಲ್ಲ ಎದ್ದುಬಿಟ್ಟವು ಕಣೋ, ನೀನಿಲ್ಲದೆ ಆಗಲಿಲ್ಲ ಎಂದು ಹೇಳಲು ಬಾಯಿ ತೆರೆದ. ನಾಲಿಗೆಯ ಮೇಲೆ ಮೂರು ಚಳಿಗಾಲ ಕೂತಿದ್ದವು, ಬೂಟು ಕಾದ ಒಂದೊಂದು ಭಾನುವಾರವೂ ಕೂತಿತ್ತು.

"ಒಂದೂ ಏಳ್ಲಿಲ್ಲ" ಎಂದ.

"ಒಂದೂವಾ?"

"ಒಂದೂ."

ಬೈಲಪ್ಪ ತಿರುಗಿ ಅವನನ್ನು ನೋಡಿದ. ತೂಬು ಹೋಯಿತೆಂದಾಗ ಇಳಿಯದ ಮುಖ ಈಗ ಇಳಿಯಿತು. ಕೆಳತುಟಿ ಒಮ್ಮೆ ಅದುರಿತು, ಕಣ್ಣು ಸಣ್ಣದಾಯಿತು, ನಗಬೇಕೆಂದು ಹೊರಟ ಬಾಯಿ ಒಂದು ಕಡೆಗೆ ಎಳೆದುಕೊಂಡು ನಿಂತುಬಿಟ್ಟಿತು. ಆ ಮುಖ ಆದಿನಾರಾಯಣಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಕ್ಷೌರದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ. ಸಾಕು, ಇನ್ನು ಬಾಯಿ ಮುಚ್ಚು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ತಡೆಯಲಾಗಲಿಲ್ಲ.

"ಇಪ್ಪತ್ತು ಮಾರಿಗೆ ಹೋಗಿದ್ವಿ" ಎಂದ. "ನೀನು ನಿಲ್ತಿದ್ಯಲ್ಲ, ಅದಕ್ಕಿಂತ ಹತ್ರ."